ಎರಡನೇ ಬಾಯಿ

ಆ ಕಟ್ಟಡಕ್ಕೆ ಐವತ್ತನಾಲ್ಕು ಮೆಟ್ಟಿಲು. ಭೀಮರಾಜ ಎಣಿಸಿದ್ದ. ಕಣ್ಣಿಲ್ಲದವನು ಮೆಟ್ಟಿಲು ಹತ್ತುವಾಗ ಎಣಿಸದೆ ಇನ್ನೇನು ಮಾಡುತ್ತಾನೆ? ಮಹಡಿಗೆ ಹದಿನೆಂಟರಂತೆ ಮೂರು ಮಹಡಿ. ಲಿಫ್ಟಿಗೆ ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು. ಅಂಗವಿಕಲರ ಕಾರ್ಡುಗಳ ಮರುತಪಾಸಣೆ ಅಂತ ಶಿಬಿರ ಹಾಕಿದ್ದು ಅಲ್ಲಿ, ಮೂರನೇ ಮಹಡಿಯಲ್ಲಿ. ತನಗೆ ನಡೆಯಲಾಗುವುದಿಲ್ಲ ಎಂದು ತೋರಿಸಿಕೊಳ್ಳಲು ಮನುಷ್ಯ ಮೂರು ಮಹಡಿ ಹತ್ತಬೇಕಿತ್ತು. ಮೇಲಿನ ತನಕ ಹತ್ತಲಾಗದೆ ಉಳಿದವರ ಹೆಸರಿನ ಮುಂದೆ ಸಂಜೆ ‘ಗೈರುಹಾಜರು’ ಎಂದು ಬರೆದರು. ಅಂಥವರು ಅರವತ್ತೊಂದು ಜನ. ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಐದರವರೆಗೆ ಮೆಟ್ಟಿಲ ಬುಡದಲ್ಲೋ ನಡುವಲ್ಲೋ ಕೂತಿದ್ದವರು. ಕಾಗದದಲ್ಲಿ ಅವರನ್ನು ವಿಶೇಷಚೇತನರು ಎಂದು ಬರೆಯುತ್ತಾರೆ. ಆ ಹೆಸರಿಟ್ಟವರ ಬಾಯಿಗೆ ಮಣ್ಣು ಹಾಕ.

ಭೀಮರಾಜ ಹತ್ತಿದ್ದ. ಅವನಿಗೆ ಇಲ್ಲದ್ದು ಕಣ್ಣು, ಕಾಲು ಗಟ್ಟಿಯಾಗಿದ್ದವು. ಮೂವತ್ತೊಂದನೇ ಮೆಟ್ಟಿಲಿಗೆ ಬಂದಾಗ ಕಾಲ ಬುಡದಲ್ಲೇ ಚಪ್ಪಲಿ ಬಡಿದ ಸದ್ದು ಕೇಳಿಸಿತು. ಕಾಲಿನ ಚಪ್ಪಲಿಯಲ್ಲ, ಕೈಯ ಚಪ್ಪಲಿ. ಯಲಹಂಕದ ಪಕ್ಕದ ಸಿಂಗಾಪುರ ಹಳ್ಳಿಯ ಮುನಿಕೃಷ್ಣಮ್ಮ ಕೈಗಳಿಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ತೆವಳುವವಳು. ಒಂದು ಕೈ ಮೇಲಿನ ಮೆಟ್ಟಿಲಿಗೆ ಊರಿ, ಸೊಂಟ ಎಳೆದು, ಉಸಿರು ಬಿಟ್ಟು, ಇನ್ನೊಂದು ಕೈ ಊರುತ್ತಿದ್ದಳು. ಅರವತ್ತು ದಾಟಿದ ಹೆಂಗಸು. “ಯಾರಪ್ಪ ಅದು? ಮ್ಯಾಕೆ ಓದ್ರೆ, ನಾ ಇಲ್ಲಿದೀನಿ ಅಂತ ಏಳಪ್ಪ,” ಅಂದಳು. ಅವನು ಮೇಲೆ ಹೋಗಿ ಹೇಳಿದ. ಟೇಬಲ್ಲಿನ ಮುಂದೆ ಬಂದವರಷ್ಟೇ ಹಾಜರು ಅಂದ ಗುಮಾಸ್ತ. ಭೀಮರಾಜ ತನ್ನ ಚೀಟಿ ಇಸಕೊಂಡು ಇಳಿದ. ಇಳಿಯುವಾಗಲೂ ಆಕೆ ಅಲ್ಲೇ ಇದ್ದಳು. ಹೇಳಿದೆಯಾ ಅಂತ ಕೇಳಿದಳು. ಹೇಳಿದೆ ಅಂದ. ಅದು ಸುಳ್ಳಲ್ಲ. ಗುಮಾಸ್ತ ಅಂದದ್ದನ್ನು ಮಾತ್ರ ಹೇಳಲಿಲ್ಲ.

ಅದಕ್ಕೇ ಅಂಗವಿಕಲರ ಸಂಘ ಒಂದು ಸಮಾವೇಶ ಕರೆಯಿತು. ಭೀಮರಾಜ ಸಂಘದ ಅಧ್ಯಕ್ಷ, ಕಾರ್ಯದರ್ಶಿ ಮುನಿವೆಂಕಟಮ್ಮ. ಹಳೇ ಯಲಹಂಕದಲ್ಲಿ ಹೂ ಕಟ್ಟುವವಳು, ಎರಡು ಕಾಲಿಗೂ ಪೋಲಿಯೊ, ಪಕ್ಕಕ್ಕೆ ಎರಡು ಚಕ್ರ ಸೇರಿಸಿದ ಸ್ಕೂಟರಿನಲ್ಲಿ ಯಶವಂತಪುರದ ತನಕ ಒಬ್ಬಳೇ ಹೋಗಿಬರುವವಳು. ಅವಳ ಬಾಯಿಗೆ ಬಿದ್ದವರು ಆ ದಿನ ಊಟ ಮಾಡುವುದಿಲ್ಲ. ಅರವತ್ತೊಂದು ಜನರ ಪರವಾಗಿ ದೂರು ಕೊಟ್ಟವಳೂ ಅವಳೇ. ದೂರು ಇತ್ಯರ್ಥವಾಗುವ ತನಕ ಕಾರ್ಡು ರದ್ದು ಮಾಡುವಂತಿರಲಿಲ್ಲ. ಆ ಒಂದು ಕಾಗದದ ಮೇಲೆ ಅರವತ್ತೊಂದು ಜನರ ಪಿಂಚಣಿ, ಬಸ್ ಪಾಸು, ಮಾತ್ರೆ ಎಲ್ಲವೂ ನಿಂತಿತ್ತು. ಅರವತ್ತೊಂದು ಜನವೂ ಒಬ್ಬೊಬ್ಬರಾಗಿ ವೇದಿಕೆಯ ಮೇಲೆ ತಮ್ಮ ಬಾಯಲ್ಲೇ ಹೇಳಲಿ ಎನ್ನುವುದು ಸಮಾವೇಶದ ಉದ್ದೇಶ.

ಸುದ್ದಿ ಹೊರಗೆ ಬಿದ್ದ ವಾರದಲ್ಲೇ ಒತ್ತಡ ಶುರುವಾಯಿತು. ಮೊದಲು ಶಾಲೆಯ ಸಭಾಂಗಣ ಕೈತಪ್ಪಿತು, ಪರೀಕ್ಷೆ ಇದೆ ಅಂದರು, ಪರೀಕ್ಷೆ ಮುಗಿದು ತಿಂಗಳಾಗಿತ್ತು. ಊಟ ಕೊಡುತ್ತೇವೆ ಅಂದಿದ್ದ ಟ್ರಸ್ಟಿನವರು ಫೋನು ಎತ್ತುವುದನ್ನೇ ನಿಲ್ಲಿಸಿದರು. ಸಂಘದ ಹುಡುಗಿ ನಂದಿತಾ, ಬಿ.ಎ. ಓದುತ್ತಿರುವ ಕುರುಡಿ, ಅವಳನ್ನು ಪ್ರಿನ್ಸಿಪಾಲರು ಕರೆಸಿ ನಿನ್ನ ಭವಿಷ್ಯ ನೋಡಿಕೋ ಅಂದರು. ಕೊನೆಗೆ ಉಳಿದದ್ದು ಚಿಕ್ಕಬೈರಪ್ಪ ಗೌಡರ ಕಲ್ಯಾಣಮಂಟಪ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಅದನ್ನು ಕಟ್ಟಿಸಿದ್ದರು. ಅಡಿಗೆಯ ದೊಡ್ಡ ಪಾತ್ರೆ, ಸಿಲಿಂಡರು ತಳ್ಳಿಕೊಂಡು ಹೋಗಲು ಹಿಂಬದಿಗೆ ಒಂದು ಇಳಿಜಾರು ಮಾಡಿಸಿದ್ದರು. ಸುತ್ತಮುತ್ತ ಗಾಲಿಕುರ್ಚಿ ಒಳಗೆ ಹೋಗಬಹುದಾದ ಮಂಟಪ ಅದೊಂದೇ. ಪಾತ್ರೆ ಹೋಗುವ ದಾರಿಯಲ್ಲಿ ನಾವೂ ಹೋಗೋಣ ಬಿಡು ಅಂದಿದ್ದಳು ಮುನಿವೆಂಕಟಮ್ಮ.

ಇನ್ನು ಸಂಘದ ನಿಯಮದ ಮಾತು. ಅದನ್ನು ಹೇಳದಿದ್ದರೆ ಭೀಮರಾಜನ ತಪ್ಪು ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ.

ಹಿಂದೆ ಸಂಘದಲ್ಲಿ ಮುನಿರಾಮಯ್ಯ ಅಂತ ಒಬ್ಬ ಕುರುಡ ಇದ್ದ. ರೇಷನ್ ಕಾರ್ಡಿನ ಕಾಗದ ಅಂತ ಅವನ ತಮ್ಮನೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡ. ಅದು ಅವನ ಪಾಲಿನ ಜಮೀನಿನ ಕ್ರಯಪತ್ರವಾಗಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಇದೆ. ಮುನಿರಾಮಯ್ಯ ಅದರ ಗೇಟಿನ ಎದುರೇ ಊದುಬತ್ತಿ ಮಾರುತ್ತ ಸತ್ತ. ಅವನ ಮಣ್ಣು ಮುಗಿಸಿ ಬಂದ ದಿನ ಭೀಮರಾಜನೇ ಎದ್ದುನಿಂತು ನಿಯಮ ಹೇಳಿದ್ದ. ಕಣ್ಣಿಲ್ಲದವರು ಸಹಿ ಮಾಡುವ ಯಾವ ಕಾಗದವನ್ನೂ ಎರಡು ಬಾಯಿ ಓದಬೇಕು. ಎರಡನೆಯದು ನಮ್ಮವರ ಬಾಯಿ ಆಗಿರಬೇಕು. ಮೊದಲನೆಯದು ಏನು ಓದಿತು ಅನ್ನುವುದನ್ನು ಎರಡನೆಯದು ಕೇಳಿಸಿಕೊಂಡಿರಬಾರದು. ಹನ್ನೊಂದು ವರ್ಷ ಆ ನಿಯಮವನ್ನು ಯಾರೂ ಮುರಿಯಲಿಲ್ಲ. ಬ್ಯಾಂಕಿನಲ್ಲಿ ಬೈಸಿಕೊಂಡರು, ಆಸ್ಪತ್ರೆಯಲ್ಲಿ ಬೈಸಿಕೊಂಡರು, ಆದರೂ ಎರಡನೇ ಬಾಯಿ ಬರುವ ತನಕ ಪೆನ್ನು ಮುಟ್ಟಲಿಲ್ಲ.

ಸಮಾವೇಶದ ಹಿಂದಿನ ದಿನ ಮಧ್ಯಾಹ್ನ ಶಿಬಿರ ನಡೆಸಿದ್ದ ಇಲಾಖೆಯ ಕಚೇರಿಯಿಂದ ಕರೆ ಬಂತು. ಶಾಂತಿಯಿಂದ ನಡೆಸುತ್ತೇವೆ ಅಂತ ಒಂದು ಮುಚ್ಚಳಿಕೆ ಬರೆದುಕೊಟ್ಟರೆ ಅನುಮತಿ ಸಿಕ್ಕ ಹಾಗೇ, ಅಧ್ಯಕ್ಷರು ಬರಬೇಕು. ಮುನಿವೆಂಕಟಮ್ಮನ ಸ್ಕೂಟರಿನ ಹಿಂದೆ ಕೂತು ಭೀಮರಾಜ ಹೋದ. ಇದು ಬೇರೆ ಕಟ್ಟಡ, ಸಾಹೇಬರ ಕೋಣೆ ಮೊದಲನೇ ಮಹಡಿಯಲ್ಲಿತ್ತು. ಇಪ್ಪತ್ತು ಮೆಟ್ಟಿಲು. ಎರಡನೇ ಬಾಯಿ ಕೆಳಗೆ, ಬಿಸಿಲಲ್ಲಿ, ಸ್ಕೂಟರಿನ ಮೇಲೆ ಉಳಿಯಿತು. ಕಾಗದ ಕೆಳಗೆ ತರಿಸು, ನಾನು ಓದುತ್ತೀನಿ ಅಂತ ಅವಳು ಹೇಳಿಯೇ ಕಳಿಸಿದಳು.

ಬಾಗಿಲಲ್ಲಿ ಮೊಬೈಲು ಇಸಕೊಂಡರು. ಕಾಯಲು ಹೇಳಿ ಕೂರಿಸಿದರು. ಕೂತ ಕುರ್ಚಿ ಬೆತ್ತದ್ದು. ಸುಮ್ಮನೆ ಕೂತವನ ಕೈ ತಾನಾಗಿ ಕುರ್ಚಿಯ ಅಡಿಗೆ ಹೋಯಿತು. ಚೌಕಟ್ಟಿನ ಮೂಲೆಯಲ್ಲಿ ಎರಡು ಸುತ್ತಿನ ಗಂಟು. ಎಲ್ಲರೂ ಒಂದು ಸುತ್ತು ಹಾಕುವಲ್ಲಿ ಎರಡು ಸುತ್ತು ಹಾಕಿ ಬಿಗಿಯುವುದು ಭೀಮರಾಜನ ರೂಢಿ. ಇಪ್ಪತ್ತರ ಹರೆಯದಲ್ಲಿ ಸರ್ಕಾರಿ ಕುರ್ಚಿಗಳಿಗೆ ಬೆತ್ತ ಹೆಣೆಯುವ ಕೆಲಸ ಅವನಿಗಿತ್ತು. ದಿನಕ್ಕೆ ಹತ್ತು ತಾಸು ನೆಲದ ಮೇಲೆ ಕೂತು, ನೆನೆಸಿದ ಬೆತ್ತ ಎಳೆದೆಳೆದು ಬೆರಳ ಸಂದುಗಳು ಸೀಳಿ, ರಾತ್ರಿ ಅನ್ನ ಕಲಸಿದರೆ ಉಪ್ಪು ಉರಿಯುತ್ತಿತ್ತು. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಮನೆಗೆ ಹೋಗು ಅಂದರು. ಕುರ್ಚಿ ಮಾತ್ರ ಉಳಿದಿತ್ತು.

ಸಾಹೇಬರ ಹೆಸರು ಮಹೇಂದ್ರ. ದನಿ ಮೆತ್ತಗೆ. “ಬನ್ನಿ ಭೀಮರಾಜ್ ಅವರೇ,” ಅಂದರು. ಕಚೇರಿಗಳಲ್ಲಿ ಇಪ್ಪತ್ತೈದು ವರ್ಷ ಏಯ್, ಬಾರೋ, ಆ ಕಡೆ ಕೂತ್ಕೋ ಅನ್ನಿಸಿಕೊಂಡವನಿಗೆ ‘ಅವರೇ’ ಎಂಬುದು ತಲೆಗೆ ಏರಿತು. ಕಾಫಿ ಬಂತು, ಲೋಟ ಅವನ ಕೈಗೇ ಸಿಗುವ ಹಾಗೆ ಇಟ್ಟರು. ಆ ಕುರ್ಚಿ ನಾನು ಹೆಣೆದದ್ದು ಸಾರ್ ಅಂತ ಹೇಳಿಬಿಟ್ಟ. ಹಾಗಾದರೆ ನೀವೂ ನಮ್ಮವರೇ ಅಂದರು ಸಾಹೇಬರು. ಆಮೇಲೆ ಕಾಗದ ಓದಿದರು. ಸಮಾವೇಶವನ್ನು ಶಾಂತಿಯಿಂದ ನಡೆಸುತ್ತೇವೆ, ರಸ್ತೆ ತಡೆಯುವುದಿಲ್ಲ, ಮೈಕಿನ ಸದ್ದು ಮಿತಿಯಲ್ಲಿರುತ್ತದೆ. ಮೂರೇ ಸಾಲು.

ಕೆಳಗೆ ನಮ್ಮ ಅಕ್ಕ ಇದ್ದಾಳೆ, ಅವಳೂ ಒಂದು ಸಲ ಓದಲಿ ಅಂದ ಭೀಮರಾಜ. ಅಷ್ಟು ಮಾತ್ರ ಅಂದ. ಆಮೇಲೆ ಸಾಹೇಬರು ಮೆತ್ತಗೆ ಕೇಳಿದರು.

“ಯಾಕೆ ಭೀಮರಾಜ್ ಅವರೇ, ನಮ್ಮ ಮೇಲೆ ನಂಬಿಕೆ ಇಲ್ವಾ?”

ಅಲ್ಲಿ ಅವನು ಸೋತ. ಕುಡಿದ ಕಾಫಿ ಇನ್ನೂ ನಾಲಿಗೆಯ ಮೇಲಿತ್ತು. ಮಸಿಪ್ಯಾಡಿಗೆ ಹೆಬ್ಬೆಟ್ಟು ಒತ್ತಿಸದೆ ಪೆನ್ನು ಕೊಟ್ಟಿದ್ದರು. ಸಾಹೇಬರೇ ಅವನ ತೋರುಬೆರಳು ಹಿಡಿದು ಕಾಗದದ ಮೂಲೆಯಲ್ಲಿಟ್ಟು ಇಲ್ಲಿ ಅಂದರು. ಶಾಲೆಯಲ್ಲಿ ಕಲಿತ ಸಹಿಯನ್ನು ಅವನು ಮಾಡಿದ. ಎರಡು ಪ್ರತಿ, ಎರಡು ಸಹಿ, ಎರಡನ್ನೂ ಸಾಹೇಬರೇ ಇಟ್ಟುಕೊಂಡರು. ಇಳಿದು ಬಂದಾಗ ಮುನಿವೆಂಕಟಮ್ಮ ಮೊದಲು ಕೇಳಿದ್ದೇ ಅದು.

“ಎರಡ್ ಬಾಯಿ ಆಯ್ತೇನೋ ಭೀಮ?”

“ಆಯ್ತಕ್ಕ. ಗುಮಾಸ್ತನೂ ಓದಿದ, ಅವನೂ ನಮ್ಮೋನೇ, ಒಂದ್ ಕೈ ಇಲ್ದೋನು,” ಅಂದ. ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಅವನಿಗೇ ಆಶ್ಚರ್ಯ.

ಮಾರನೆಯ ಬೆಳಗ್ಗೆ ಎಂಟೂವರೆಗೆ ಅವನೂ ನಂದಿತಾಳೂ ಮಂಟಪದ ಹತ್ತಿರ ಆಟೋ ಇಳಿದಾಗ ಗೇಟಿಗೆ ಬೀಗ ಬಿದ್ದಿತ್ತು. ಬೀಗ ಅಲುಗಾಡಿಸುವ ಸದ್ದು, ಜನರ ಗುಜುಗುಜು. ಹೆಸರಘಟ್ಟದಿಂದ ಗೂಡ್ಸ್ ಆಟೋದಲ್ಲಿ ಬಂದವರಿದ್ದರು, ಗಾಲಿಕುರ್ಚಿಗಳನ್ನು ಹಗ್ಗದಲ್ಲಿ ಕಟ್ಟಿ ತಂದಿದ್ದರು. ಹೆಬ್ಬಾಳದಿಂದ ಎರಡು ಬಸ್ಸು ಬದಲಿಸಿ ಬಂದವರಿದ್ದರು, ಕಂಡಕ್ಟರ್ ಬೈದು ಇಳಿಸಿದವರಿದ್ದರು. ಮೇಲೆ ವಾಯುಪಡೆಯ ವಿಮಾನ ಹಾದುಹೋದಾಗ ಒಂದು ನಿಮಿಷ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಸದ್ದು ಇಳಿದಾಗ ಚಿಕ್ಕಬೈರಪ್ಪನವರ ದನಿ ಗೇಟಿನ ಆ ಕಡೆಯಿಂದ ಬಂತು.

ನನ್ನ ಮೇಲೆ ಕೋಪ ಮಾಡಿಕೊಂಡರೆ ಏನು ಬಂತು ಅಂದರು ಅವರು. ನೀವೇ ಬೇಡ ಅಂತ ಬರೆದುಕೊಟ್ಟಿದ್ದೀರಂತೆ, ಕಚೇರಿಯವರು ನಿನ್ನೆ ಸಂಜೆ ಪ್ರತಿ ತಂದುಕೊಟ್ಟು ಹೋದರು. ಗೇಟಿನ ಸರಳಿನ ಸಂದಿಯಿಂದ ಕಾಗದ ಹೊರಬಂತು. ಮುನಿವೆಂಕಟಮ್ಮ ಸ್ಕೂಟರಿನ ಮೇಲೆ ಕೂತೇ ಓದಿದಳು. ಅವಳ ಓದು ನಿಧಾನ, ಅಕ್ಷರ ಅಕ್ಷರವಾಗಿ. ಸಮಾವೇಶವನ್ನು ನಮ್ಮ ಸ್ವಂತ ಇಚ್ಛೆಯಿಂದ ಕೈಬಿಟ್ಟಿದ್ದೇವೆ. ಅರವತ್ತೊಂದು ಮಂದಿ ಶಿಬಿರಕ್ಕೆ ಬಂದಿರಲಿಲ್ಲ ಎಂಬುದು ನಿಜ. ಈ ಬಗ್ಗೆ ಕೊಟ್ಟಿದ್ದ ದೂರನ್ನು ಹಿಂಪಡೆದಿದ್ದೇವೆ. ಅಧ್ಯಕ್ಷರ ಸಹಿ.

ಗುಮಾಸ್ತನೂ ಇದನ್ನೇ ಓದಿದನಾ ಅಂತ ಯಾರೋ ಭೀಮರಾಜನನ್ನು ಕೇಳಿದರು. ಗುಮಾಸ್ತ ಕಳ್ಳ ಅಂದುಬಿಟ್ಟರೆ ಆ ಕ್ಷಣಕ್ಕೆ ಮುಗಿಯುತ್ತಿತ್ತು. ಅವನ ಬಾಯಲ್ಲಿ ಆ ಮಾತು ಬಂದು ನಿಂತಿತ್ತು ಕೂಡ. ಆಗ ಹಿಂದುಗಡೆ ಟಾರಿನ ಮೇಲೆ ರಬ್ಬರು ಬಡಿಯುವ ಸದ್ದು, ಎಳೆಯುವ ಸದ್ದು, ಉಸಿರು ಬಿಡುವ ಸದ್ದು ಹತ್ತಿರವಾಯಿತು. ಮುನಿಕೃಷ್ಣಮ್ಮ ಸಿಂಗಾಪುರದಿಂದ ಬಂದಿದ್ದಳು. ಏನಾಯಿತು, ಗೇಟು ಯಾಕೆ ಹಾಕಿದೆ ಅಂತ ಎಲ್ಲರನ್ನೂ ಕೇಳುತ್ತಿದ್ದಳು.

“ಗುಮಾಸ್ತ ಓದಿಲ್ಲ,” ಅಂದ ಭೀಮರಾಜ. “ನಾನು ಸುಳ್ಳು ಹೇಳ್ದೆ. ಒಂದೇ ಬಾಯಿ ನಂಬಿ ಸಹಿ ಹಾಕ್ದೆ. ಕಾಫಿ ಕೊಟ್ರು, ಮರ್ಯಾದೆ ಕೊಟ್ರು. ಅಕ್ಕನ್ನ ಕರೆಯೋಕೆ ನಾಚಿಕೆ ಆಯ್ತು.”

ಮುನಿವೆಂಕಟಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ಅರವತ್ತೊಂದ್ ಜನರ ಕುತ್ತಿಗೆ ಕಣೋ ಭೀಮ,” ಅಂದಳು, ಸ್ಕೂಟರಿನ ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ಕುರುಡನನ್ನು ಅಧ್ಯಕ್ಷ ಮಾಡಿದರೆ ಇದೇ ಆಗುವುದು ಅಂದರು ಯಾರೋ. ಅವರೂ ಸಂಘದವರೇ. ಆ ಮಾತು ಚಿಕ್ಕಬೈರಪ್ಪ ಅಂದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ನಂದಿತಾ ಅವನ ತೋಳು ಹಿಡಿದು ನಿಂತವಳು ಕೈ ಬಿಟ್ಟಳು. ಹೊರಟುಹೋಗೋಣ ಅಂತ ಆಟೋದವರನ್ನು ಕರೆಯುವುದು ಕೇಳಿಸಿತು.

ಭೀಮರಾಜ ಅಲ್ಲೇ ಕಾಂಪೌಂಡಿನ ಪಕ್ಕ ಚರಂಡಿಯ ಕಲ್ಲಿನ ಮೇಲೆ ಕೂತ. ಜೋಳಿಗೆಯಿಂದ ಬ್ರೈಲ್ ಸ್ಲೇಟು ತೆಗೆದ, ದಪ್ಪ ಕಾಗದ ಸಿಕ್ಕಿಸಿದ, ಚುಚ್ಚುವ ಮೊಳೆ ಹಿಡಿದ. ಯಾರಿಗೂ ಹೋಗಬೇಡಿ ಅಂತ ಹೇಳುವ ಯೋಗ್ಯತೆ ತನಗಿಲ್ಲ ಅನ್ನಿಸಿತ್ತು. ಮುನಿಕೃಷ್ಣಮ್ಮ ಎದುರಿಗೇ ಇದ್ದಳು. ಅವಳ ಹೆಸರು, ಊರು ಚುಚ್ಚಿದ. ಎಷ್ಟನೇ ಮೆಟ್ಟಿಲ ತನಕ ಬಂದಿದ್ದೆ ಅಂತ ಕೇಳಬೇಕಾದ್ದಿರಲಿಲ್ಲ. ಅದನ್ನೂ ಚುಚ್ಚಿದ. ಆಮೇಲೆ ಗಟ್ಟಿಯಾಗಿ ಹೇಳಿದ.

“ಶಿಬಿರಕ್ಕೆ ಬಂದೋರು ಹೆಸರು ಹೇಳಿ. ಎಷ್ಟ್ನೇ ಮೆಟ್ಲಲ್ಲಿ ಕೂತಿದ್ರಿ ಅದನ್ನೂ ಹೇಳಿ. ನಾನು ಬರ್ಕೊತೀನಿ.”

ಮೊದಲು ಬಂದವನು ಟೈಲರ್ ಖುರ್ಷೀದ್, ಎರಡು ಊರುಗೋಲು ಊರಿಕೊಂಡು. ಹನ್ನೆರಡನೇ ಮೆಟ್ಟಿಲು ಅಂದ, ಅಲ್ಲಿಂದ ಜಾರಿ ಬಿದ್ದೆ ಅಂದ. ಹಿಂದೆಯೇ ಇನ್ನೊಬ್ಬರು. ಬುಡದಲ್ಲೇ ಕೂತಿದ್ದೆ ಅಂದವರು ಬಹಳ. ಗಾಲಿಕುರ್ಚಿಯಿಂದ ಇಳಿಸುವವರಿಲ್ಲದೆ ಒಳಗೇ ಮೂತ್ರ ಮಾಡಿಕೊಂಡೆ, ಅದನ್ನೂ ಬರಿ ಅಂದ ಒಬ್ಬ. ಬರೆದ. ಬ್ರೈಲ್ ಬರೆಯುವುದು ಬಲದಿಂದ ಎಡಕ್ಕೆ, ಒಂದೊಂದು ಚುಕ್ಕೆಯನ್ನೂ ಅಂಗೈ ಒತ್ತಿ ಚುಚ್ಚಬೇಕು. ಇಪ್ಪತ್ತು ಹೆಸರಿಗೆ ಅಂಗೈ ಕೆಂಪಾಯಿತು, ನಲವತ್ತಕ್ಕೆ ಬೊಬ್ಬೆ ಎದ್ದಿತು. ಬಿಸಿಲು ನೆತ್ತಿಗೆ ಬಂತು. ಹೊರಟಿದ್ದ ಆಟೋಗಳ ಎಂಜಿನ್ನು ಒಂದೊಂದಾಗಿ ಆಫ್ ಆಯಿತು. ಯಾವಾಗಲೋ ಮುನಿವೆಂಕಟಮ್ಮನ ಸ್ಕೂಟರು ಹತ್ತಿರ ಬಂದು ನಿಂತಿತು, ಅವಳ ನೆರಳು ಅವನ ತಲೆಯ ಮೇಲೆ ಬಿತ್ತು. ಅರವತ್ತೊಂದೂ ಮುಗಿದ ಮೇಲೆ ಭೀಮರಾಜ ಹೊಸ ಹಾಳೆ ಸಿಕ್ಕಿಸಿ ತನ್ನ ನಾಲ್ಕು ಸಾಲು ಬರೆದು ಅದನ್ನು ಎಲ್ಲಕ್ಕಿಂತ ಮೇಲಿಟ್ಟ. ನಂದಿತಾಳನ್ನು ಕರೆದು, ನೀನು ರಸ್ತೆಯ ಆ ತುದಿಗೆ ಹೋಗಿ ನಿಲ್ಲು, ಕರೆದಾಗ ಬಾ ಅಂದ. ಯಾಕೆ ಅಂತ ಅವಳು ಕೇಳಲಿಲ್ಲ. ನಿಯಮ ಅವಳಿಗೂ ಗೊತ್ತಿತ್ತು.

ಹನ್ನೆರಡೂವರೆಗೆ ಜೀಪು ಬಂತು. ಇಬ್ಬರು ಪೊಲೀಸರ ಬೂಟು, ನಡುವೆ ಮೆತ್ತನೆಯ ಒಂದು ಜೊತೆ ಶೂ. ಸಮಾವೇಶ ರದ್ದಾಗಿದೆ, ಗುಂಪು ಕೂಡಬಾರದು ಅಂದರು ಮಹೇಂದ್ರ ಸಾಹೇಬರು. ದೂರೂ ಮುಗಿದ ವಿಷಯ, ನಿಮ್ಮ ಅಧ್ಯಕ್ಷರೇ ಸಹಿ ಹಾಕಿದ್ದಾರೆ, ಇವರು ಯಾರೂ ಬಂದಿರಲಿಲ್ಲ ಅಂತ ಅವರೇ ಒಪ್ಪಿದ್ದಾರೆ.

ಭೀಮರಾಜ ಎದ್ದ. ಹಾಳೆಗಳನ್ನು ಜೋಡಿಸಿ ಹಿಡಿದು ದನಿ ಬಂದ ಕಡೆ ನಾಲ್ಕು ಹೆಜ್ಜೆ ನಡೆದ.

“ಹೋಗ್ತೀವಿ ಸಾರ್. ಇದಕ್ಕೊಂದು ನಿಮ್ಮ ಸಹಿ ಬೇಕು.”

“ಏನಿದು?”

“ಜನ ಬಂದಿದ್ರು, ಶಾಂತಿಯಿಂದ ಕೂತಿದ್ರು ಅಂತ. ಅಷ್ಟೇ. ನಾನೇ ಓದಿ ಹೇಳ್ತೀನಿ.”

ಅವನು ಕೈ ಚಾಚಿ ಸಾಹೇಬರ ಕೈ ಹುಡುಕಿದ. ಸಿಕ್ಕಿತು. ತೋರುಬೆರಳು ಹಿಡಿದು ಹಾಳೆಯ ಮೂಲೆಯಲ್ಲಿಟ್ಟ, ಚುಕ್ಕೆಗಳ ಕೆಳಗೆ. “ಇಲ್ಲಿ ಸಾರ್,” ಅಂದ. ಬೆರಳು ಬಿಸಿ ತವಾ ಮುಟ್ಟಿದ ಹಾಗೆ ಹಿಂದಕ್ಕೆ ಹೋಯಿತು.

“ಏನ್ರೀ ತಮಾಷೆ ಮಾಡ್ತೀರಾ? ನನಗೆ ಓದೋಕೆ ಬರದೇ ಇರೋದಕ್ಕೆ ನಾನ್ ಹೆಂಗ್ರೀ ಸೈನ್ ಹಾಕ್ಲಿ?”

ದನಿ ಈಗ ಮೆತ್ತಗಿರಲಿಲ್ಲ. ಆ ಮಾತು ಗೇಟಿನ ತನಕ ಕೇಳಿಸಿತು. ಪೊಲೀಸರಿಗೂ ಕೇಳಿಸಿತು, ಸರಳು ಹಿಡಿದು ನಿಂತಿದ್ದ ಚಿಕ್ಕಬೈರಪ್ಪನವರಿಗೂ ಕೇಳಿಸಿತು. ಆಡಿದ ಮೇಲೆ ಸಾಹೇಬರಿಗೂ ಕೇಳಿಸಿರಬೇಕು. ಮುಂದೆ ಮಾತಾಡಲು ಹೋಗಿ ಕೆಮ್ಮಿದರು.

“ಯಾಕೆ ಸಾರ್,” ಅಂದ ಭೀಮರಾಜ, “ನಮ್ಮ ಮೇಲೆ ನಂಬಿಕೆ ಇಲ್ವಾ?”

ಹಾಳೆಗಳನ್ನು ಎದೆಗೆ ಒತ್ತಿ ಹಿಡಿದು, ಬೊಬ್ಬೆ ಬಂದ ಕೈಯಿಂದಲೇ ಓದಿದ. ಮೊದಲಿನಿಂದ ಕೊನೆಯವರೆಗೆ, ತನ್ನ ನಾಲ್ಕು ಸಾಲು, ಆಮೇಲೆ ಅರವತ್ತೊಂದು ಹೆಸರು. ಓದಿ ಮುಗಿಸಿ ರಸ್ತೆಯ ತುದಿಯ ಕಡೆ ಮುಖ ಮಾಡಿ ನಂದಿತಾಳನ್ನು ಕೂಗಿದ. ಅವಳ ಕೋಲಿನ ಸದ್ದು ಹತ್ತಿರ ಬಂತು. ಗುಂಪು ಚದುರಿಸಿ ಅಂತ ಸಾಹೇಬರು ಪೊಲೀಸರಿಗೆ ಅಂದರು. ಹಿರಿಯ ಪೊಲೀಸನೊಬ್ಬ, ಆ ಹುಡುಗಿ ಓದಿ ಮುಗಿಸಲಿ ಬಿಡಿ ಸಾರ್, ಇವರನ್ನೆಲ್ಲ ಎತ್ತಿ ಹಾಕೋಕೆ ಜೀಪಲ್ಲಿ ಜಾಗ ಎಲ್ಲಿದೆ ಅಂದ. ಅವನು ದಯೆಯಿಂದ ಅಂದನೋ ಬೇಸರದಿಂದ ಅಂದನೋ ಗೊತ್ತಿಲ್ಲ.

“ಎರಡ್ನೇ ಬಾಯಿ,” ಅಂದಳು ಮುನಿವೆಂಕಟಮ್ಮ. ಕಾಗದ ಓದಿದ್ದು ಬಿಟ್ಟರೆ, ಬೆಳಗಿನಿಂದ ಅವಳು ಭೀಮರಾಜನಿಗೆ ಕೇಳುವ ಹಾಗೆ ಆಡಿದ ಎರಡನೇ ಮಾತು ಅದು.

ನಂದಿತಾ ಹಾಳೆ ತೆಗೆದುಕೊಂಡಳು. ಅವಳ ದನಿ ತೆಳ್ಳಗಿತ್ತು, ಆದರೆ ಒಂದು ಅಕ್ಷರವನ್ನೂ ನುಂಗಲಿಲ್ಲ.

“ಭೀಮರಾಜನಾದ ನಾನು ನಿನ್ನೆ ಒಂದೇ ಬಾಯಿ ನಂಬಿ ಸಹಿ ಹಾಕಿದೆ. ಓದಿದ್ದು ಒಂದು, ಬರೆದಿದ್ದು ಒಂದು. ತಪ್ಪು ನನ್ನದು, ಆ ಕಾಗದ ನನ್ನದಲ್ಲ, ದೂರು ಹಾಗೇ ಇದೆ. ಇವರೆಲ್ಲ ಶಿಬಿರಕ್ಕೆ ಬಂದಿದ್ದರು, ನಾನು ಮೆಟ್ಟಿಲು ಎಣಿಸಿದ್ದೇನೆ, ನಾನೇ ಸಾಕ್ಷಿ.”

ಆಮೇಲೆ ಮುಂದಿನ ಹಾಳೆ ತೆಗೆದಳು.

“ಮುನಿಕೃಷ್ಣಮ್ಮ. ಸಿಂಗಾಪುರ. ಮೂವತ್ತೊಂದನೇ ಮೆಟ್ಟಿಲು.”

ಮುನಿಕೃಷ್ಣಮ್ಮ ಕೈಗೆ ಸಿಕ್ಕಿಸಿಕೊಂಡಿದ್ದ ಚಪ್ಪಲಿಯನ್ನು ಎತ್ತಿ ಟಾರಿನ ಮೇಲೆ ಒಂದು ಸಲ ಬಡಿದಳು. ಆ ಸದ್ದು ಭೀಮರಾಜನಿಗೆ ಗೊತ್ತಿತ್ತು. ನಂದಿತಾ ಎರಡನೇ ಹೆಸರಿಗೆ ಬೆರಳು ಸರಿಸಿದಳು.